ಮಾವಿಗೊಂದು ಲೆಕ್ಕ, ಮಂದಾರಕ್ಕೊಂದು ಲೆಕ್ಕ: ಎಲೆಯ ಆಕಾರದಿಂದ ಗಿಡ ಗುರುತಿಸಲು ಯಾವ ವಿಧಾನ?

ಅರಳಿ ಎಲೆಯನ್ನು ಗುರುತಿಸಲು ಯಾರಿಗೂ ಗಣಿತ ಬೇಕಿಲ್ಲ. ಆ ಉದ್ದ ಬಾಲ ಕಂಡರೆ ಸಾಕು, ಸಣ್ಣ ಮಗುವೂ ಹೇಳುತ್ತದೆ. ತಂಟೆ ಶುರುವಾಗುವುದು ಮಂದಾರದ ಹತ್ತಿರ. ಬಸವನ ಗೊರಸಿನ ಹಾಗೆ ನಡುವೆ ಸೀಳಿದ ಎಲೆ, ರಸ್ತೆ ಬದಿಯಲ್ಲಿ ಸಾಲಾಗಿ ನಿಂತ ಮರಗಳು. ಒಂದು ಬೌಹಿನಿಯಾ ಪರ್ಪ್ಯೂರಿಯಾ, ಇನ್ನೊಂದು ಬೌಹಿನಿಯಾ ವೇರಿಗೇಟಾ. ನಮ್ಮಲ್ಲಿ ಮಂದಾರ, ಕಂಚುವಾಳ, ಬಸವನಪಾದ ಎನ್ನುವ ಹೆಸರುಗಳು ಊರಿಂದೂರಿಗೆ ಅದಲುಬದಲಾಗುವುದರಿಂದ ಹೆಸರು ಕೇಳಿ ಪ್ರಯೋಜನವಿಲ್ಲ. ಹೂವಿದ್ದರೆ ಎರಡು ನಿಮಿಷದ ಕೆಲಸ. ಹೂವಿಲ್ಲದ ತಿಂಗಳಲ್ಲಿ ಎಲೆಯೊಂದನ್ನೇ ಹಿಡಿದು ಕೂತರೆ ತಲೆ ಕೆಡುತ್ತದೆ.

ಪ್ರತಿ ವರ್ಷ ಡಿಗ್ರಿಯ ಹುಡುಗ ಹುಡುಗಿಯರು ನಾಲ್ಕಾರು ಮಂದಿ ಬಂದು ಕೇಳುತ್ತಾರೆ: "ಮೇಡಂ, ಎಲೆ ಫೋಟೋ ನೋಡಿ ಗಿಡ ಯಾವುದು ಅಂತ ಹೇಳೋ ಪ್ರಾಜೆಕ್ಟ್ ಮಾಡ್ತೀವಿ. ಯಾವ ಮೆಥಡ್ ತಗೊಳ್ಳೋಣ?" ನಾನು ಎದುರು ಕೇಳುವುದು ಒಂದೇ: ಆ ಎರಡು ಎಲೆಗಳಲ್ಲಿ ನಿನ್ನ ಕಣ್ಣಿಗೆ ಕಾಣುವ ವ್ಯತ್ಯಾಸ ಎಲ್ಲಿದೆ? ಬಾಲದಲ್ಲೋ, ಸೀಳಿನಲ್ಲೋ, ಅಂಚಿನ ಹಲ್ಲಿನಲ್ಲೋ, ಒಟ್ಟು ಮೈಕಟ್ಟಿನಲ್ಲೋ? ವ್ಯತ್ಯಾಸ ಇರುವ ಜಾಗವನ್ನು ಅಳೆಯದ ಲೆಕ್ಕ ಎಷ್ಟು ದೊಡ್ಡದಾದರೂ ಕೆಲಸಕ್ಕೆ ಬಾರದು. ಮುಂದಿನದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಸ್ಕೇಲು ಮತ್ತು ಎರಡು ಅನುಪಾತ

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಎಲೆಯ ಉದ್ದ, ಅಗಲ, ವಿಸ್ತೀರ್ಣ, ಸುತ್ತಳತೆ. ಇವುಗಳಿಂದ ಬರುವ ಅನುಪಾತಗಳು ಎಲೆ ದೊಡ್ಡದಿರಲಿ ಚಿಕ್ಕದಿರಲಿ ಬದಲಾಗುವುದಿಲ್ಲ ಎನ್ನುವುದೇ ಇದರ ಲಾಭ. ಇಮೇಜ್‌ಜೆ ಎನ್ನುವ ಉಚಿತ ತಂತ್ರಾಂಶ ಇದನ್ನೆಲ್ಲ ತಾನೇ ಲೆಕ್ಕ ಹಾಕಿ ಕೊಡುತ್ತದೆ. ಬಿಳಿ ಹಾಳೆಯ ಮೇಲೆ ಎಲೆ, ಪಕ್ಕದಲ್ಲಿ ಸ್ಕೇಲು, ಮೇಲಿಂದ ನೇರವಾಗಿ ಒಂದು ಫೋಟೋ. ಅದಕ್ಕಿಂತ ಒಳ್ಳೆಯದು ಜೆರಾಕ್ಸ್ ಅಂಗಡಿಯ ಸ್ಕ್ಯಾನರ್, ನೆರಳಿನ ಕಾಟವಿಲ್ಲ.

ಹುಡುಗರು ಮೊದಲು ಹಿಡಿಯುವುದು ಸರ್ಕ್ಯುಲ್ಯಾರಿಟಿ ಎನ್ನುವ ಅಂಕಿ. ನಾಲ್ಕು ಪೈ ಗುಣಿಸು ವಿಸ್ತೀರ್ಣ, ಅದನ್ನು ಸುತ್ತಳತೆಯ ವರ್ಗದಿಂದ ಭಾಗಿಸು. ಪೂರ್ಣ ವೃತ್ತಕ್ಕೆ 1, ಚೌಕಕ್ಕೆ ಸುಮಾರು 0.79. ಇದು ಎಲ್ಲಿ ಕೈಕೊಡುತ್ತದೆ ಎಂದು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ. 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಮಾವಿನೆಲೆಯನ್ನು ನುಣುಪಾದ ದೀರ್ಘವೃತ್ತ ಎಂದುಕೊಳ್ಳೋಣ. ವಿಸ್ತೀರ್ಣ 78.5 ಚದರ ಸೆಂ.ಮೀ. ದೀರ್ಘವೃತ್ತದ ಸುತ್ತಳತೆಗೆ ಸರಳ ಸೂತ್ರವಿಲ್ಲ, ಆದರೆ ರಾಮಾನುಜನ್ 1914ರಲ್ಲಿ ಕೊಟ್ಟ ಅಂದಾಜು ಸೂತ್ರ ನಮ್ಮ ಕೆಲಸಕ್ಕೆ ಧಾರಾಳ ಸಾಕು: 42.9 ಸೆಂ.ಮೀ. ಸರ್ಕ್ಯುಲ್ಯಾರಿಟಿ 0.54. ಈಗ 6 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಬೇವಿನ ಕಿರುಎಲೆ. ಅಂಚು ನುಣುಪಾಗಿದ್ದರೆ 0.66 ಬರುತ್ತಿತ್ತು. ಆದರೆ ಬೇವಿಗೆ ಗರಗಸದ ಹಲ್ಲುಂಟು. ಹಲ್ಲಿನಿಂದ ಸುತ್ತಳತೆ ಶೇ. 10ರಷ್ಟು ಹೆಚ್ಚಿತು ಎಂದಿಟ್ಟುಕೊಳ್ಳಿ, ಅಂಕಿ 0.55ಕ್ಕೆ ಇಳಿಯುತ್ತದೆ. ಅಲ್ಲಿಗೆ ಮಾವೂ ಬೇವೂ ಒಂದೇ ಆಯಿತು!

ಎಲೆ ಸಪೂರವಾದರೂ ಈ ಅಂಕಿ ಇಳಿಯುತ್ತದೆ, ಅಂಚು ಹರಿದರೂ ಇಳಿಯುತ್ತದೆ. ಯಾವುದರಿಂದ ಇಳಿಯಿತು ಎಂದು ಅದು ಹೇಳುವುದಿಲ್ಲ. ಆದ್ದರಿಂದ ಇದನ್ನು ಒಂಟಿಯಾಗಿ ನಂಬಬೇಡಿ, ಜತೆಗೆ ಉದ್ದ-ಅಗಲದ ಅನುಪಾತವನ್ನು ಇಟ್ಟುಕೊಳ್ಳಿ. ಸಾಲಿಡಿಟಿಯನ್ನೂ ಸೇರಿಸಿ: ಎಲೆಯ ಸುತ್ತ ಒಂದು ರಬ್ಬರ್ ಬ್ಯಾಂಡ್ ಬಿಗಿದರೆ ಒಳಗೆ ಸಿಗುವ ಜಾಗದಲ್ಲಿ ಎಲೆ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ. ಪಪ್ಪಾಯಿಯಂಥ ಸೀಳೆಲೆಗೆ ಇದು ತಟ್ಟನೆ ಕೆಳಗಿಳಿಯುತ್ತದೆ, ಮಾವಿನೆಲೆಗೆ 1ರ ಪಕ್ಕದಲ್ಲೇ ನಿಲ್ಲುತ್ತದೆ.

ಇನ್ನೊಂದು ಕಿರಿಕಿರಿ. ಸುತ್ತಳತೆ ಚಿತ್ರದ ಸೂಕ್ಷ್ಮತೆಗೆ ತಕ್ಕ ಹಾಗೆ ಬೆಳೆಯುತ್ತದೆ. ಒಂದೇ ಎಲೆಯನ್ನು 150 ಡಿಪಿಐನಲ್ಲೂ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) 600 ಡಿಪಿಐನಲ್ಲೂ ಸ್ಕ್ಯಾನ್ ಮಾಡಿದರೆ ಎರಡು ಬೇರೆ ಅಂಕಿ ಬರುತ್ತವೆ, ಹಲ್ಲಿರುವ ಎಲೆಯಲ್ಲಂತೂ ಎದ್ದು ಕಾಣುವಷ್ಟು. ಅರ್ಧ ಎಲೆ ಕಾಲೇಜಿನ ಸ್ಕ್ಯಾನರಿನಲ್ಲಿ, ಅರ್ಧ ಗೆಳೆಯನ ಮೊಬೈಲಿನಲ್ಲಿ ಎಂದಾದರೆ ನೀವು ಬೇರ್ಪಡಿಸಿದ್ದು ಗಿಡಗಳನ್ನಲ್ಲ, ಯಂತ್ರಗಳನ್ನು. ಮತ್ತೆ, ಅಳೆಯುವ ಮುಂಚೆ ತೊಟ್ಟನ್ನು ಬುಡಕ್ಕೇ ಕತ್ತರಿಸಿ. ಕಡ್ಡಿಯಂಥ ಆ ತೊಟ್ಟು ವಿಸ್ತೀರ್ಣಕ್ಕೆ ಏನನ್ನೂ ಕೂಡಿಸದೆ ಸುತ್ತಳತೆಯನ್ನು ಮಾತ್ರ ಉಬ್ಬಿಸುತ್ತದೆ.

ಇಷ್ಟೆಲ್ಲ ದೂರಿದರೂ ಹತ್ತು ಹದಿನೈದು ಜಾತಿಗಳ ಕ್ಯಾಂಪಸ್ ಪಟ್ಟಿಗೆ ನನ್ನ ಮೊದಲ ಆಯ್ಕೆ ಇದೇ. ಉದ್ದ ಅಗಲಗಳನ್ನು ಕೀಳಾಗಿ ಕಾಣಬೇಡಿ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1936ರಲ್ಲಿ ಮೂರು ಜಾತಿಯ ಐರಿಸ್ ಹೂಗಳನ್ನು ಬೇರ್ಪಡಿಸಿ ತೋರಿಸಿದ್ದು 150 ಹೂಗಳ ನಾಲ್ಕೇ ಅಳತೆಗಳಿಂದ, ಪುಷ್ಪಪತ್ರ ಮತ್ತು ದಳಗಳ ಉದ್ದ ಅಗಲಗಳಿಂದ. ಅದೇ ವರ್ಷ ಪ್ರಶಾಂತಚಂದ್ರ ಮಹಾಲನೋಬಿಸ್ ಕೊಟ್ಟ ದೂರದ ಲೆಕ್ಕ ಇಂದಿಗೂ ಈ ಕೆಲಸದ ಬೆನ್ನೆಲುಬು: ಹೊಸ ಎಲೆ ಯಾವ ಗುಂಪಿಗೆ ಹತ್ತಿರ ಎಂದು ನೋಡುವಾಗ, ಆ ಗುಂಪಿನೊಳಗೇ ಎಲೆಗಳು ಎಷ್ಟು ಚದುರಿವೆ ಎಂಬುದನ್ನೂ ಅದು ಗಣನೆಗೆ ತೆಗೆದುಕೊಳ್ಳುತ್ತದೆ. ಚೀನಾದ ಫ್ಲೇವಿಯಾ ಯೋಜನೆ 2007ರಲ್ಲಿ 32 ಜಾತಿಗಳನ್ನು ಶೇ. 90ಕ್ಕಿಂತ ಹೆಚ್ಚು ಸರಿಯಾಗಿ ಹೇಳಿದ್ದು ಇಂಥ 12 ಲಕ್ಷಣಗಳನ್ನು ಐದಕ್ಕೆ ಇಳಿಸಿಕೊಂಡು.

ಫೂರಿಯರ್: ಅಂಚನ್ನು ದೀರ್ಘವೃತ್ತಗಳಲ್ಲಿ ಬರೆಯುವುದು

ಎಲೆಯ ಅಂಚಿನ ಮೇಲೆ ಒಂದು ಇರುವೆ ಹರಿದು ಸುತ್ತು ಹೊಡೆದು ಬರುತ್ತದೆ ಎಂದುಕೊಳ್ಳಿ. ಅದರ ದಾರಿಯನ್ನು ಒಂದು ದೊಡ್ಡ ದೀರ್ಘವೃತ್ತ, ಅದರ ಮೇಲೆ ಎರಡು ಪಟ್ಟು ಬೇಗ ಸುತ್ತುವ ಇನ್ನೊಂದು, ಮೂರು ಪಟ್ಟು ಬೇಗ ಸುತ್ತುವ ಮತ್ತೊಂದು, ಹೀಗೆ ಪೇರಿಸುತ್ತಾ ಹೋದರೆ ಆಕಾರ ಮೂಡುತ್ತದೆ. ಮೊದಲನೆಯದು ಮೈಕಟ್ಟು ಕೊಡುತ್ತದೆ, ನಾಲ್ಕಾರು ಸೇರಿದರೆ ತುದಿ ಬುಡಗಳು ತಿಳಿಯುತ್ತವೆ, ಇಪ್ಪತ್ತಕ್ಕೆ ಎಲೆ ಎಲೆಯಂತೆ ಕಾಣುತ್ತದೆ. ಕುಲ್ ಮತ್ತು ಜಿಯಾರ್ಡಿನಾ 1982ರಲ್ಲಿ ಬರೆದಿಟ್ಟ ವಿಧಾನ. ಇಂಥ ಒಂದೊಂದು ದೀರ್ಘವೃತ್ತಕ್ಕೂ ಹಾರ್ಮೋನಿಕ್ ಎಂದು ಹೆಸರು, ಪ್ರತಿ ಹಾರ್ಮೋನಿಕ್‌ಗೆ ನಾಲ್ಕು ಅಂಕಿ. ಗಾತ್ರ, ತಿರುಗು, ಆರಂಭದ ಬಿಂದು ಇವನ್ನು ಕಳೆದರೆ 20 ಹಾರ್ಮೋನಿಕ್‌ಗಳಿಂದ 77 ಅಂಕಿ ಉಳಿಯುತ್ತವೆ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಬಳಸುವವರಿಗೆ ಮೊಮೊಕ್ಸ್ ಪ್ಯಾಕೇಜು ಇದೆ.

ಇದರ ಸೊಗಸು ಏನೆಂದರೆ ಎಲ್ಲಿ ಅಳೆಯಬೇಕೆಂದು ನೀವು ಮೊದಲೇ ತೀರ್ಮಾನಿಸಬೇಕಿಲ್ಲ. ಅರಳಿಗೂ, ಬಂಡೆ ಸಂದಿಯಲ್ಲಿ ಬೆಳೆಯುವ ಅದರ ದಾಯಾದಿ ಫೈಕಸ್ ಆರ್ನೋಟಿಯಾನಕ್ಕೂ ಹೃದಯದಾಕಾರ ಒಂದೇ, ಬಾಲದಲ್ಲಿ ಮಾತ್ರ ಹೆಚ್ಚು ಕಡಿಮೆ. ಇಂಥ ಕಡೆ ಫೂರಿಯರ್ ಬಾಲವನ್ನೂ ಹಿಡಿಯುತ್ತದೆ, ಭುಜದ ಇಳಿಜಾರನ್ನೂ ಹಿಡಿಯುತ್ತದೆ. ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ ಗುಂಪಿನ ಸರಾಸರಿ ಎಲೆಯನ್ನು ಚಿತ್ರವಾಗಿ ಬಿಡಿಸಬಹುದು. ನೋಡುವವರಿಗೆ ಅದರಷ್ಟು ಮನದಟ್ಟಾಗುವ ವಸ್ತು ಬೇರೆಯಿಲ್ಲ.

ಆದರೆ ನನ್ನ ಮೇಜಿನ ಮೇಲಿರುವ ಅರಳಿ ಎಲೆಯನ್ನೇ ನೋಡಿ. ಎಲೆಯ ಹಾಳೆ 11 ಸೆಂ.ಮೀ., ಬಾಲ 4 ಸೆಂ.ಮೀ. ಬಾಲವನ್ನು ಎಷ್ಟೇ ನೇರ ಮಾಡಿಟ್ಟರೂ ಬಲಕ್ಕೆ ಹೊರಳುತ್ತದೆ. ಆ ಹೊರಳಿಗೂ ಜಾತಿಗೂ ಸಂಬಂಧವಿಲ್ಲ, ಆದರೂ ಅದು ಅಂಕಿಗಳೊಳಗೆ ನುಸುಳುತ್ತದೆ. ಇನ್ನೂ ತಮಾಷೆಯೆಂದರೆ ಚಿತ್ರದ ಕಲೆ ತೆಗೆಯಲು ಹಾಕುವ ಫಿಲ್ಟರು ಕೆಲವೊಮ್ಮೆ ಸಪೂರ ಬಾಲವನ್ನೇ ಕಲೆ ಎಂದು ತಿಳಿದು ಅಳಿಸಿ ಹಾಕುತ್ತದೆ. ಅರಳಿಯ ಗುರುತೇ ಹೋಯಿತು! ಕಪ್ಪು-ಬಿಳುಪಾದ ಚಿತ್ರಗಳನ್ನು ಒಂದೊಂದಾಗಿ ಕಣ್ಣಿಂದ ನೋಡದೆ ಮುಂದೆ ಹೋಗಬೇಡಿ.

ಇದಕ್ಕಿಂತ ದೊಡ್ಡ ಹೊಂಡ ಬೇರೆ ಇದೆ. ಎಲೆಯನ್ನು ನೇರ ನಿಲ್ಲಿಸಲು ಈ ವಿಧಾನ ಮೊದಲ ದೀರ್ಘವೃತ್ತದ ಉದ್ದನೆಯ ಅಕ್ಷವನ್ನು ಹಿಡಿಯುತ್ತದೆ. ಮಾವಿಗೆ ಸರಿ. ಉದ್ದವೂ ಅಗಲವೂ ಹೆಚ್ಚುಕಡಿಮೆ ಒಂದೇ ಆಗಿರುವ ಮಂದಾರದೆಲೆಗೆ ಉದ್ದನೆಯ ಅಕ್ಷ ಯಾವುದು? ಒಂದು ಎಲೆ ನೆಟ್ಟಗೆ ನಿಂತರೆ ಮುಂದಿನದು ಅಡ್ಡ ಬೀಳುತ್ತದೆ. ಗ್ರಾಫಿನಲ್ಲಿ ಎರಡು ಚೆಂದದ ಗುಂಪು ಬಂದಿತೆಂದು ಹಿಗ್ಗಿ ನೋಡಿದರೆ ಅವು ಎರಡು ಜಾತಿಯಲ್ಲ, ನಿಂತ ಎಲೆ ಮತ್ತು ಮಲಗಿದ ಎಲೆ. ನಾನೇ ಒಂದು ವಾರ ಹೀಗೆ ಹಿಗ್ಗಿದ್ದೆ. ಮದ್ದು ಸುಲಭ: ತೊಟ್ಟಿನ ಬುಡವನ್ನು ಕೈಯಿಂದ ಗುರುತು ಮಾಡಿ ಎಲ್ಲ ಎಲೆಗಳನ್ನೂ ಅದಕ್ಕೆ ತಕ್ಕಂತೆ ತಿರುಗಿಸಿಕೊಳ್ಳುವುದು.

ಬೇವಿನಂಥ ಕೂಡೆಲೆಗಳಲ್ಲಿ ಎಡ-ಬಲದ ತೊಡಕೂ ಇದೆ. ಬೇವಿನ ಕಿರುಎಲೆ ಕುಡುಗೋಲಿನಂತೆ ಬಾಗಿರುತ್ತದೆ. ಕಡ್ಡಿಯ ಎಡಗಡೆಯದು ಬಲಗಡೆಯದರ ಕನ್ನಡಿ ಬಿಂಬ. ಬೆರೆಸಿ ಅಳೆದರೆ ಒಂದೇ ಮರ ಎರಡು ಜಾತಿಯಾಗುತ್ತದೆ. ಎಡಗಡೆಯವನ್ನೆಲ್ಲ ಮಗುಚಿ ಬಲಕ್ಕೆ ಹೊಂದಿಸಿ, ಇಲ್ಲವೇ ಒಂದೇ ಬದಿಯವನ್ನು ಕೀಳಿ.

ಲ್ಯಾಂಡ್‌ಮಾರ್ಕ್: ಮಂದಾರಕ್ಕೆ ಹೇಳಿ ಮಾಡಿಸಿದ್ದು

ಗ್ರೀಕರ ಕಥೆಯಲ್ಲಿ ಪ್ರೊಕ್ರಸ್ಟೀಸ್ ಎಂಬ ಕಳ್ಳನಿದ್ದಾನೆ. ಬಂದ ಅತಿಥಿಯನ್ನು ತನ್ನ ಮಂಚದ ಅಳತೆಗೆ ಹೊಂದಿಸಲು ಗಿಡ್ಡನಾದರೆ ಎಳೆಯುತ್ತಿದ್ದ, ಉದ್ದವಾದರೆ ಕಾಲು ಕತ್ತರಿಸುತ್ತಿದ್ದ. ಅವನ ಹೆಸರಿನ ಗಣಿತ ಅಷ್ಟು ಕ್ರೂರಿಯಲ್ಲ. ಎಲೆಗಳನ್ನು ಒಂದರ ಮೇಲೊಂದು ಸರಿಸಿ, ತಿರುಗಿಸಿ, ಒಟ್ಟಾಗಿ ಹಿಗ್ಗಿಸಿ ಅಥವಾ ಕುಗ್ಗಿಸಿ ಕೂರಿಸುತ್ತದೆ. ಆಮೇಲೂ ಕೂರದೆ ಉಳಿದ ವ್ಯತ್ಯಾಸವೇ ಆಕಾರ.

ಇದಕ್ಕೆ ಪ್ರತಿ ಎಲೆಯಲ್ಲೂ ಸಿಗುವ, ಒಂದಕ್ಕೊಂದು ಸಾಟಿಯಾದ ಬಿಂದುಗಳು ಬೇಕು, ಇವೇ ಲ್ಯಾಂಡ್‌ಮಾರ್ಕ್. ಮಂದಾರದಲ್ಲಿ ಅವು ಧಾರಾಳ: ತೊಟ್ಟು ಕೂಡುವ ಜಾಗ, ಸೀಳಿನ ತಳ, ಸೀಳಿನ ಅಕ್ಕಪಕ್ಕದ ಎರಡು ಹಾಲೆಗಳ ತುದಿ, ಎರಡೂ ಬದಿಯ ಅತಿ ಅಗಲದ ಬಿಂದು. ಆರು ಬಿಂದು, ಹನ್ನೆರಡು ಅಂಕಿ. ಸರಿಸುವುದು, ತಿರುಗಿಸುವುದು, ಅಳತೆ ಹೊಂದಿಸುವುದು ಇವುಗಳಿಗೆ ನಾಲ್ಕು ಹೋಗಿ ನಿಜವಾದ ಆಕಾರಕ್ಕೆ ಎಂಟು. ಫೂರಿಯರಿನ 77 ಎಲ್ಲಿ, ಈ ಎಂಟು ಎಲ್ಲಿ! ಅದೂ ಪ್ರತಿಯೊಂದಕ್ಕೂ ಅರ್ಥವಿದೆ. ಪರ್ಪ್ಯೂರಿಯಾದ ಎಲೆ ಸಾಮಾನ್ಯವಾಗಿ ಉದ್ದದ ಮೂರನೇ ಒಂದರಿಂದ ಅರ್ಧದವರೆಗೆ ಸೀಳಿರುತ್ತದೆ, ವೇರಿಗೇಟಾದ್ದು ಕಾಲು ಭಾಗದಿಂದ ಮೂರನೇ ಒಂದರವರೆಗೆ. ಸೀಳಿನ ಆಳವೇ ಪ್ರಶ್ನೆಯಾಗಿರುವಾಗ ಸೀಳಿನ ತಳದ ಬಿಂದುವನ್ನು ನೇರವಾಗಿ ಕೇಳುವುದು ಜಾಣತನ. ಅಂದಹಾಗೆ, ಬೌಹಿನಿಯಾ ಕುಲಕ್ಕೆ ಹೆಸರು ಬಂದದ್ದು ಬೌಹಿನ್ ಅಣ್ಣತಮ್ಮಂದಿರಿಂದ. ಇಬ್ಬರೂ ಸಸ್ಯಶಾಸ್ತ್ರಿಗಳು, ಕೂಡಿಕೊಂಡ ಎರಡು ಹಾಲೆಗಳು ಅವರ ನೆನಪು.

ಮಂದಾರದೆಲೆ ನಡುನರದಲ್ಲಿ ಪುಸ್ತಕದಂತೆ ಮಡಚಿಕೊಳ್ಳುತ್ತದೆ. ಹಾಗೇ ಫೋಟೋ ತೆಗೆದರೆ ಅಗಲ ಕಡಿಮೆ ಬರುತ್ತದೆ, ಸೀಳು ಮುಚ್ಚಿದಂತೆ ಕಾಣುತ್ತದೆ. ನ್ಯೂಸ್‌ಪೇಪರಿನ ನಡುವೆ ಒಂದು ರಾತ್ರಿ ಒತ್ತಿಟ್ಟು ಆಮೇಲೆ ಸ್ಕ್ಯಾನ್ ಮಾಡಿ. ಮಾಡುವುದಾದರೆ ಎಲ್ಲವನ್ನೂ ಹಾಗೇ ಮಾಡಿ. ಒಣಗಿದ ಎಲೆ ಕುಗ್ಗುತ್ತದೆ, ಹಸಿ ಎಲೆಯ ಜತೆ ಬೆರೆಸಬಾರದು.

ದೌರ್ಬಲ್ಯ ಎರಡು. ಬಿಂದು ಇಡುವ ಕೈ ಬೇಕು: ಇನ್ನೂರು ಎಲೆಗೆ ಸಾವಿರದ ಇನ್ನೂರು ಕ್ಲಿಕ್ಕು. ಇಬ್ಬರು ಹಂಚಿಕೊಂಡರೆ ಅತಿ ಅಗಲದ ಬಿಂದುವನ್ನು ಇಬ್ಬರೂ ಬೇರೆ ಬೇರೆ ಕಡೆ ಇಡುತ್ತಾರೆ. ಒಂದಿಪ್ಪತ್ತು ಎಲೆಗಳನ್ನು ಇಬ್ಬರೂ ಅಳೆದು ಹೋಲಿಸಿ ನೋಡಿಕೊಳ್ಳಿ. ಎರಡನೆಯದು, ಹಲಸಿನಂಥ ಸಾದಾ ಎಲೆಯಲ್ಲಿ ಬುಡ ತುದಿ ಬಿಟ್ಟರೆ ಬಿಂದುವೇ ಸಿಗುವುದಿಲ್ಲ. ಅಲ್ಲಿಗೆ ಫೂರಿಯರೇ ವಾಸಿ.

ಎರಡನ್ನೂ ಒಂದೇ ಎಲೆರಾಶಿಯ ಮೇಲೆ ಬಳಸಿದ ಕೆಲಸವೂ ಇದೆ. ಡೇನಿಯಲ್ ಚಿಟ್‌ವುಡ್ ಮತ್ತು ವಾಗ್ನರ್ ಒಟೋನಿ 2017ರಲ್ಲಿ ಪ್ಯಾಶನ್ ಹಣ್ಣಿನ ಬಳ್ಳಿಯ 40 ಜಾತಿಗಳ ಮೂರು ಸಾವಿರಕ್ಕೂ ಹೆಚ್ಚು ಎಲೆಗಳನ್ನು ಲ್ಯಾಂಡ್‌ಮಾರ್ಕಿನಿಂದಲೂ ಫೂರಿಯರಿನಿಂದಲೂ ಅಳೆದರು. ಒಂದೇ ಬಳ್ಳಿಯಲ್ಲಿ ಬುಡದ ಎಲೆ ಒಂದು ರೂಪ, ತುದಿಯ ಎಲೆ ಇನ್ನೊಂದು ರೂಪ. ಆ ಸಂಸಾರದಲ್ಲಿ ಜಾತಿ ಯಾವುದು ಎಂಬುದನ್ನೂ ಬಳ್ಳಿಯ ಎಷ್ಟನೇ ಎಲೆ ಎಂಬುದನ್ನೂ ಬೇರೆಬೇರೆಯಾಗಿ ಹೇಳಲಾಯಿತು ಎನ್ನುವುದು ಅದರ ಹೆಚ್ಚುಗಾರಿಕೆ.

ಅಂಚಿನ ಬಾಗು, ಮತ್ತು ಆಪ್‌ಗಳು

ನಾಲ್ಕನೇ ದಾರಿ ಅಂಚಿನ ಬಾಗನ್ನು ಅಳೆಯುವುದು. ಅಂಚಿನ ಪ್ರತಿ ಬಿಂದುವಿನಲ್ಲೂ ಚಿಕ್ಕ ವೃತ್ತದಿಂದ ಹಿಡಿದು ದೊಡ್ಡ ವೃತ್ತದವರೆಗೆ ಇಟ್ಟು ಒಳಗೆ ಎಷ್ಟು ಎಲೆ ಬಿತ್ತು ಎಂದು ನೋಡಿದರೆ, ಚಿಕ್ಕ ವೃತ್ತ ಹಲ್ಲುಗಳನ್ನು ಕಾಣುತ್ತದೆ, ದೊಡ್ಡದು ಹಾಲೆಗಳನ್ನು. ಅಮೆರಿಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ, ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಸ್ಮಿತ್ಸೋನಿಯನ್ ಸೇರಿ 2011ರಲ್ಲಿ ಬಿಟ್ಟ ಲೀಫ್‌ಸ್ನ್ಯಾಪ್ ಆಪ್ ನಡೆಯುತ್ತಿದ್ದದ್ದು ಇದರಿಂದಲೇ. ಅಲ್ಲಿನ ಈಶಾನ್ಯ ಭಾಗದ 184 ಮರಗಳು ಅದರ ವ್ಯಾಪ್ತಿ. ಬಿಳಿ ಹಿನ್ನೆಲೆ ಕಡ್ಡಾಯ. ಉತ್ತರವಾಗಿ ಒಂದು ಹೆಸರನ್ನು ಎಸೆಯದೆ ಹತ್ತಿರದ ಜಾತಿಗಳ ಸಾಲನ್ನು ಮುಂದಿಟ್ಟು ಕೊನೆಯ ತೀರ್ಮಾನವನ್ನು ಬಳಸುವವರಿಗೇ ಬಿಡುತ್ತಿತ್ತು. ಆ ವಿನಯ ನನಗೆ ಇಷ್ಟ. ಹಲ್ಲಿನ ಎಲೆಗಳು ಹೆಚ್ಚಿರುವ ಪಟ್ಟಿಗೆ ಈ ವಿಧಾನ ಒಳ್ಳೆಯದು. ನಮ್ಮ ನುಣುಪು ಅಂಚಿನ ಆಲ, ಅರಳಿ, ಹಲಸುಗಳಿಗೆ ಅಷ್ಟೇನೂ ಲಾಭವಿಲ್ಲ.

ಟೋಪಾಲಜಿ ಎಂಬ ಆಕಾರಗಳ ಗಣಿತದಿಂದ ಬಂದ ಪರ್ಸಿಸ್ಟೆಂಟ್ ಹೋಮಾಲಜಿ ಎಂಬ ವಿಧಾನವೂ ಇದೆ. 2018ರಲ್ಲಿ 141 ಕುಟುಂಬಗಳ 1,82,707 ಎಲೆಗಳ ಮೇಲೆ ಅದನ್ನು ಪ್ರಯೋಗಿಸಿದರು. ಸಾದಾ ಎಲೆ, ಕೂಡೆಲೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದವರಿಗೆ ಅದು. ಡಿಗ್ರಿ ಪ್ರಾಜೆಕ್ಟಿಗೆ ಬೇಡ.

ಇನ್ನು ಕೈಯಲ್ಲಿರುವ ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್, ಗೂಗಲ್ ಲೆನ್ಸ್. ಇವು ಆಕಾರವನ್ನಷ್ಟೇ ಅಳೆಯುವುದಿಲ್ಲ. ಬಣ್ಣ, ನರ, ಹೊಳಪು ಎಲ್ಲವನ್ನೂ ಲಕ್ಷಾಂತರ ಫೋಟೋಗಳಿಂದ ಕಲಿತಿವೆ. ದಾರಿಯಲ್ಲಿ ಕಂಡ ಗಿಡದ ಹೆಸರು ಬೇಕಿದ್ದರೆ ಮೇಲಿನ ಯಾವ ಲೆಕ್ಕವೂ ಬೇಡ, ಇದನ್ನೇ ಬಳಸಿ, ಹೂವಿದ್ದರೆ ಹೂವಿನ ಫೋಟೋ ಹಾಕಿ. ಎಷ್ಟು ನಿಶ್ಚಯ ಎಂದು ಕೇಳಿದರೆ ಪ್ಲಾಂಟ್‌ನೆಟ್ ಶೇಕಡಾ ಹೇಳುತ್ತದೆ, ಯಾಕೆ ಎಂದು ಕೇಳಿದರೆ ಎಲ್ಲವೂ ಸುಮ್ಮನಾಗುತ್ತವೆ. ಪಟ್ಟಿಯಲ್ಲಿಲ್ಲದ ಗಿಡವನ್ನು ಪಟ್ಟಿಯಲ್ಲಿರುವ ಇನ್ನೊಂದರ ಹೆಸರಿನಿಂದ ಕರೆಯುವ ಚಾಳಿಯೂ ಉಂಟು.

ಎಲ್ಲ ವಿಧಾನಗಳೂ ಒಟ್ಟಿಗೆ ಎಡವುವ ಜಾಗ

ಹಿಪ್ಪುನೇರಳೆ ತೋಟಕ್ಕೆ ಹೋದವರಿಗೆ ಗೊತ್ತು: ಒಂದೇ ಕೊಂಬೆಯಲ್ಲಿ ಒಂದು ಎಲೆ ಇಡಿಯಾಗಿರುತ್ತದೆ, ಇನ್ನೊಂದು ಬೆರಳು ಬೆರಳಾಗಿ ಸೀಳಿರುತ್ತದೆ. ಹಲಸಿನ ಸಸಿಯ ಎಲೆ ಸೀಳಿದ್ದು ದೊಡ್ಡ ಮರದ್ದು ಇಡಿ. ಹೊಳೆಮತ್ತಿ, ಮತ್ತಿಗಳ ಎಲೆಯ ಬುಡದಲ್ಲಿರುವ ಗ್ರಂಥಿಯನ್ನು ಕಾಡು ಸುತ್ತುವವರು ಬೆರಳಿಂದ ತಡವಿ ನೋಡುತ್ತಾರೆ. ನೆರಳಿನಂಥ ಕಪ್ಪು-ಬಿಳಿ ಚಿತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಅಂಥ ಗಿಡಗಳಿಗೆ ಆಕಾರದ ಲೆಕ್ಕವನ್ನು ಹಚ್ಚಲೇಬೇಡಿ.

ಆದರೆ ನಾನು ಕಂಡ ಪ್ರಾಜೆಕ್ಟುಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಗಿಡದಿಂದಲ್ಲ, ಎಣಿಕೆಯಿಂದ. ಗೇಟಿನ ಪಕ್ಕದ ಒಂದು ಮರದಿಂದ ಐವತ್ತು ಎಲೆ, ಲೈಬ್ರರಿ ಹಿಂದಿನ ಇನ್ನೊಂದು ಮರದಿಂದ ಐವತ್ತು. ಲೆಕ್ಕ ಹಾಕಿದರೆ ಶೇ. 98 ಸರಿ. ಬೇರ್ಪಟ್ಟದ್ದು ಎರಡು ಜಾತಿಗಳಲ್ಲ, ಎರಡು ಮರಗಳು. ಒಂದು ಬಿಸಿಲಿನದು, ಒಂದು ನೆರಳಿನದು. ನೆರಳಿನ ಎಲೆ ದೊಡ್ಡದು, ತೆಳು. ಐವತ್ತು ಎಲೆಗಿಂತ ಹತ್ತು ಮರದಿಂದ ಐದೈದು ಎಲೆ ಎಷ್ಟೋ ಮೇಲು. ಪರೀಕ್ಷೆ ಮಾಡುವಾಗಲೂ ಎಲೆಗಳನ್ನು ಕಲಸಿ ಒಂದು ಪಾಲು ಎತ್ತಿಡುವುದಲ್ಲ, ಒಂದು ಇಡೀ ಮರವನ್ನೇ ಹೊರಗಿಟ್ಟು, ಉಳಿದವುಗಳಿಂದ ಕಲಿತ ಲೆಕ್ಕ ಅದನ್ನು ಗುರುತಿಸುತ್ತದೆಯೇ ನೋಡಬೇಕು. ಅಂಕಿ ಧೊಪ್ಪನೆ ಇಳಿಯುತ್ತದೆ, ಮುಖ ಸಪ್ಪಗಾಗುತ್ತದೆ. ಆ ಇಳಿದ ಅಂಕಿಯೇ ನಿಜ. ಎಲ್ಲರೂ ಪರೀಕ್ಷೆಗೆ ಬಳಸುವ ಸ್ವೀಡನ್ನಿನ ಎಲೆಸಂಗ್ರಹದಲ್ಲಿ 15 ಜಾತಿ, ಜಾತಿಗೆ 75ರಂತೆ 1,125 ಎಲೆಗಳಿವೆ. ಅದರ ಮೇಲೆ ಬಂದ ಅಂಕವನ್ನು ನಮ್ಮೂರ ಸಾಲುಮರಗಳಿಗೆ ಅನ್ವಯಿಸಿ ಮಾತಾಡಬಾರದು.

ಕೇಳಿದ ಹುಡುಗಿಗೆ ಹೇಳಿದ್ದು

ಕೊನೆಯ ಸಲ ಕೇಳಿದವಳು ಮಂದಾರವನ್ನೇ ಆರಿಸಿಕೊಂಡಿದ್ದಳು. ಅವಳಿಗೆ ಹೇಳಿದೆ: ಮೊದಲು ಸ್ಕೇಲಿನಲ್ಲಿ ಸೀಳಿನ ಆಳವನ್ನು ಎಲೆಯ ಉದ್ದದಿಂದ ಭಾಗಿಸಿ ಒಂದೇ ಅಂಕಿ ತೆಗೆ, ಮರಕ್ಕೊಂದರಂತೆ ಸರಾಸರಿಯನ್ನು ಗ್ರಾಫಿನ ಮೇಲೆ ಹಾಕು. ಅಷ್ಟರಲ್ಲೇ ಬೇರ್ಪಟ್ಟರೆ ಅಲ್ಲಿಗೆ ನಿಲ್ಲಿಸು. ಬೇರ್ಪಡದಿದ್ದರೆ ಆರು ಲ್ಯಾಂಡ್‌ಮಾರ್ಕ್ ಇಟ್ಟು ನೋಡು. ಫೂರಿಯರಿಗೆ ಹೋಗಬೇಡ, ಈ ಎಲೆಗೆ ಅದು ಆಗಿಬರುವುದಿಲ್ಲ. ಎರಡು ಗುಂಪಿನ ನಡುವೆ ನಿಲ್ಲುವ ಮರ ಸಿಕ್ಕರೆ ಎಸೆಯಬೇಡ; ಹಾಂಕಾಂಗಿನ ಧ್ವಜದ ಮೇಲಿರುವ ಬೌಹಿನಿಯಾ ಈ ಎರಡರ ಮಿಶ್ರತಳಿ, ಅದನ್ನು ತೋಟಗಳಲ್ಲಿ ಬೇರೆ ಕಡೆಯೂ ನೆಡುತ್ತಾರೆ, ಅದಕ್ಕೆ ಕಾಯಿ ಕಟ್ಟುವುದಿಲ್ಲ.

"ಸರಿ ಬಂತು ಅಂತ ಹೆಂಗೆ ಗೊತ್ತಾಗತ್ತೆ ಮೇಡಂ?" ಎಂದಳು. ಪ್ರತಿ ಮರಕ್ಕೂ ಸುಣ್ಣದಲ್ಲಿ ನಂಬರು ಬರೆಯಲು ಹೇಳಿದೆ. ಪರ್ಪ್ಯೂರಿಯಾ ಮಳೆಗಾಲ ಕಳೆದ ಮೇಲೆ ಎಲೆಯಿರುವಾಗಲೇ ಹೂ ಬಿಡುತ್ತದೆ, ವೇರಿಗೇಟಾ ಫೆಬ್ರವರಿ ಹೊತ್ತಿಗೆ, ಎಷ್ಟೋ ಸಲ ಬೋಳು ಕೊಂಬೆಯ ಮೇಲೆ. ಹೂ ಬಂದಾಗ ನಂಬರು ನೋಡಿಕೊಂಡು ಹೋಗಿ ಬಲಿತ ಕೇಸರಗಳನ್ನು ಎಣಿಸುವುದು: ಸಾಮಾನ್ಯವಾಗಿ ಮೂರಿದ್ದರೆ ಪರ್ಪ್ಯೂರಿಯಾ, ಐದಿದ್ದರೆ ವೇರಿಗೇಟಾ.